ಬಳೆ ಇಲ್ಲದ ಕೈಗೆ ಕಟ್ಟಿದ ಪಟ್ಟಿ

ಬಂಡೆ ಹತ್ತುವವರಿಗಿಂತ ಕೆಳಗೆ ಕೂತು ನೋಡುವವರಿಗೆ ಸುಸ್ತು ಜಾಸ್ತಿ. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಹತ್ತುವವರು ಒಂದಾಳೆತ್ತರ ಮೇಲೆ ಹೋಗುತ್ತಾರೆ, ಕೈ ಜಾರುತ್ತದೆ, ಕೆಳಗೆ ಹಾಸಿದ ದಪ್ಪ ಮೆತ್ತೆಯ ಮೇಲೆ ಧೊಪ್ಪನೆ ಬೀಳುತ್ತಾರೆ, ನಗುತ್ತಾರೆ, ನೀರು ಕುಡಿದು ಮತ್ತೆ ಹೊರಡುತ್ತಾರೆ. ನೋಡುತ್ತ ಕೂತವಳ ಜೀವ ಮಾತ್ರ ಅವರು ಬಿದ್ದಲ್ಲೇ ಬಿದ್ದಿರುತ್ತದೆ. ಅದನ್ನು ಎತ್ತಿ ಕೊಡುವವರು ಯಾರೂ ಇಲ್ಲ.

ನಮ್ಮದು ಹೊಸಪೇಟೆ. ಮೊಮ್ಮಗಳು ಇಲ್ಲೇ ಡಿಗ್ರಿ ಓದುತ್ತಾಳೆ, ಪುರುಸೊತ್ತು ಸಿಕ್ಕರೆ ಬಂಡೆ ಹತ್ತುತ್ತಾಳೆ. ಹಗ್ಗ ಇಲ್ಲ, ಏಣಿ ಇಲ್ಲ. ಬೆರಳಿಗೆ ಬಿಳಿ ಪುಡಿ ಮೆತ್ತಿಕೊಂಡು, ಕಾಲಿಗೆ ಒಂದು ಅಳತೆ ಚಿಕ್ಕದಾದ ಬೂಟು ತುರುಕಿಕೊಂಡು, ಉಗುರು ಸಿಗುವಷ್ಟೇ ಇರುವ ಬಿರುಕು ಹಿಡಿದು ಗುಂಡುಗಲ್ಲಿನ ನೆತ್ತಿಗೆ ಹೋಗುವುದು ಆಟ. ಹಂಪಿಯ ಕಡೆ ಗುಡಿಗಳಿಂದ ದೂರ, ಬಾಳೆತೋಟ ದಾಟಿದ ಮೇಲೆ ಅಂಥ ಗುಂಡುಗಳು ರಾಶಿ ರಾಶಿ ಇವೆ. ನಾವು ಸಣ್ಣವರಿದ್ದಾಗ ಅವುಗಳ ನೆರಳಿಗೆ ಬುತ್ತಿ ಬಿಚ್ಚುತ್ತಿದ್ದೆವು. ಅವುಗಳ ತಲೆಯ ಮೇಲೆ ನಮಗೇನೂ ಕೆಲಸ ಇರಲಿಲ್ಲ.

ಅವಳ ಅಪ್ಪ, ಅಂದರೆ ನನ್ನ ಮಗ, ಸಂಡೂರಿನ ಗಣಿಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾನೆ. ಮಗಳು ಬಂಡೆ ಹತ್ತುತ್ತೇನೆ ಎಂದಾಗ ಬೇಡ ಅನ್ನಲಿಲ್ಲ. ಒಂದೇ ಮಾತು ಹೇಳಿದ: "ಹೋಗು. ಆದ್ರ ಜೋಡಿ ಮನಿಯಾಗಿನ ಹಿರೇರು ಒಬ್ರು ಇರಬೇಕು." ಮನೆಯಲ್ಲಿ ಹಿರಿಯರು ಎಂದರೆ ಯಾರು? ಸೊಸೆ ಹೊಲಿಗೆ ಮಷಿನಿನ ಮುಂದಿನಿಂದ ಏಳುವಂತಿಲ್ಲ; ಬ್ಲೌಸ್ ಕೊಟ್ಟವರು ಬಾಗಿಲಲ್ಲೇ ನಿಂತಿರುತ್ತಾರೆ. ಉಳಿದವಳು ನಾನು. ಹೀಗೆ ಈ ವಯಸ್ಸಿನಲ್ಲಿ ನನಗೆ ಬಂಡೆ ಕಾಯುವ ನೌಕರಿ ಸಿಕ್ಕಿತು. ಬಸ್ಸು ಹಿಡಿಯಬೇಕು, ಆಮೇಲೆ ನಡೆಯಬೇಕು, ಕಾಲುವೆ ಏರಿ ಹತ್ತಬೇಕು, ಮುಳ್ಳು ತಪ್ಪಿಸಬೇಕು, ಕಾದ ಕಲ್ಲಿನ ಮೇಲೆ ಟವೆಲ್ ಹಾಸಿಕೊಂಡು ಕೂರಬೇಕು. ಸಾಯಂಕಾಲ ಮನೆಗೆ ಬಂದರೆ ಅಲ್ಲಿ ಬಿಟ್ಟುಹೋದ ಕೆಲಸ ಬಾಗಿಲು ತೆಗೆದು "ಬಂದ್ಯಾ?" ಅನ್ನುವುದು.

ಕಳೆದ ಚಳಿಗಾಲದಲ್ಲಿ ಅದೇ ಬಂಡೆಗಳ ನಡುವೆ ಒಬ್ಬರು ಮೇಡಂ ಕಾಣಿಸಿಕೊಂಡರು. ಮೈಸೂರು ಕಡೆಯವರು. ಬಂಡೆ ಹತ್ತುವವರ ಮೈಯಲ್ಲಿ ಏನಾಗುತ್ತದೆ, ಮನಸ್ಸಿನಲ್ಲಿ ಏನಾಗುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದರು. ನನಗೆ ಮೊದಲು ನಗು ಬಂತು. ಮೇಲೆ ಹೋದರೆ ಕೈ ನೋಯುತ್ತದೆ, ಕೆಳಗೆ ನೋಡಿದರೆ ಹೆದರಿಕೆ ಆಗುತ್ತದೆ. ಇದಕ್ಕೆ ಅಷ್ಟು ದೂರದಿಂದ ಬರಬೇಕೆ? ಆದರೆ ದಿನ ಹೋದಂತೆ ಆಕೆ ಹೇಳುವುದರಲ್ಲಿ ಹುರುಳಿದೆ ಅನ್ನಿಸಿತು. ಬೆರಳಿನ ತುದಿಯಿಂದ ಹನಿ ರಕ್ತ ತೆಗೆಯುತ್ತಿದ್ದರು. ಎದೆಗೆ ಬೆಲ್ಟು ಕಟ್ಟಿ ಬಡಿತ ನೋಡುತ್ತಿದ್ದರು. ಬೆರಳಿನಲ್ಲಿ ಜೋತಾಡಿದ ಮೇಲೆ ಮುಂಗೈ ಉಬ್ಬಿ ಯಾಕೆ ಕಲ್ಲಾಗುತ್ತದೆ ಎಂದು ಒಂದು ದಿನ ನನಗೇ ಬಿಡಿಸಿ ಹೇಳಿದರು.

"ಬಿಗಿಯಾಗಿ ಹಿಡಿದಷ್ಟು ಹೊತ್ತು ಆ ಜಾಗಕ್ಕೆ ರಕ್ತ ಸರಿಯಾಗಿ ಹೋಗಲ್ಲ ಅಜ್ಜಿ. ಹೆದರಿದವರು ಬೇಕಾದ್ದಕ್ಕಿಂತ ಬಿಗಿ ಹಿಡೀತಾರೆ. ಅದಕ್ಕೇ ಬೇಗ ಸೋಲ್ತಾರೆ. ಹಿಡಿಯೋದು ಎಲ್ಲರಿಗೂ ಬರುತ್ತೆ, ನಡುನಡುವೆ ಕೈ ಸಡಿಲ ಬಿಡೋದು ಕಲೀಬೇಕು."

"ನಮ್ ಮನಿಯಾಗ ಅದನ್ನ ಯಾರಿಗೂ ಕಲಿಸಿಲ್ಲರಿ ಮೇಡಂ," ಅಂದೆ.

ಕೈಯ ಬಲ ಅಳೆಯುವ ಹಿಡಿಕೆಯೊಂದು ಅವರ ಬಳಿ ಇತ್ತು. ಹಿಚುಕಿದರೆ ಮುಳ್ಳು ಓಡುತ್ತದೆ. ಗಣಿಯ ಕೆಂಪು ಮಣ್ಣು ಕೂತ ಮಗನ ಪ್ಯಾಂಟು ಹಿಂಡುವ ಕೈ ನನ್ನದು, ನೋಡೇಬಿಡೋಣ ಎಂದು ನಾನೂ ಹಿಡಿದು ಹಿಚುಕಿದೆ. ಮುಳ್ಳು ನನ್ನ ಗುರುತೇ ಹಿಡಿಯಲಿಲ್ಲ. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು.

"ಮಷಿನ್ ಕೆಟ್ಟೈತಿ," ಅಂದೆ.

"ಹೂಂನಜ್ಜಿ, ನೀ ಮುಟ್ಟಿದ ಮ್ಯಾಲೆ ಕೆಡ್ತು."

ಹತ್ತುವ ಮುಂಚೆ ಮೇಡಂ ಒಂದು ಹಲಗೆ ತೋರಿಸುತ್ತಿದ್ದರು. ಅದರಲ್ಲಿ ನಗುವ ಮುಖದಿಂದ ಅಳುವ ಮುಖದವರೆಗೆ ಸಾಲಾಗಿ ಮುಖಗಳು. ಈಗ ನಿನಗೆ ಎಷ್ಟು ಭಯ ಎಂದು ಒಂದರ ಮೇಲೆ ಬೆರಳಿಡಬೇಕು. ನಮ್ಮ ಹುಡುಗಿ ಯಾವಾಗಲೂ ನಗುವ ಮುಖಕ್ಕೇ ಬೆರಳಿಡುತ್ತಿದ್ದಳು. ಮೇಡಂ ಎದೆಯ ಬಡಿತ ನೋಡಿ ಹುಬ್ಬು ಏರಿಸುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ. ನಾನೂ ಅನ್ನುತ್ತಿರಲಿಲ್ಲ. ಅವಳಿಗೆ ಹೆದರಿಕೆ ಇದೆ ಎಂದು ಒಂದು ಸಲ ಬಾಯಿಬಿಟ್ಟರೆ ಮನೆಯಲ್ಲಿ ಅವಳಮ್ಮನಿಗೆ ಅಷ್ಟೇ ಸಾಕಿತ್ತು.

ಸೊಸೆಗೆ ಈ ಹತ್ತುವುದು ಮೊದಲಿನಿಂದಲೂ ಸರಿಬರಲಿಲ್ಲ. ಅದರ ಮೇಲೆ ಮೇಡಂ ಇನ್ನೊಂದು ಸುದ್ದಿ ತಂದರು. ಹಿಮಾಲಯದ ಕಡೆ ಹತ್ತುವವರಿಗೆ ಬೇಸಿಗೆಯಲ್ಲಿ ದೊಡ್ಡ ತರಬೇತಿ ಶಿಬಿರ ಇದೆಯಂತೆ. ತಾವು ಪರೀಕ್ಷೆ ಮಾಡಿದವರಲ್ಲಿ ಮೈ ಮನಸ್ಸು ಎರಡೂ ತಡೆಯುವಂಥವರ ಹೆಸರು ಕಳಿಸುತ್ತಾರಂತೆ. ಆ ದಿನದಿಂದ ನಮ್ಮ ಹುಡುಗಿ ಊಟದ ತಟ್ಟೆಯ ಮುಂದೆಯೂ ಬೆರಳು ಮಡಚಿ ಬಿಚ್ಚಿ ಮಾಡತೊಡಗಿದಳು. ಅಡುಗೆಮನೆಯ ಬಾಗಿಲ ಮೇಲಿನ ಚೌಕಟ್ಟಿಗೆ ಜೋತುಬೀಳುವಳು. ಕೊಡ ಹಿಡಿದು ಒಳಗೆ ಬರುವ ನಾನು ಅವಳ ಕಾಲ ಕೆಳಗೆ ಬಗ್ಗಿ ಬರಬೇಕು.

"ಹಿಮಾಲಯ ಅಂತ ಹಿಮಾಲಯ," ಸೊಸೆ ಹೊಲಿಗೆ ನಿಲ್ಲಿಸದೆ ಅನ್ನುವಳು. "ಇಲ್ಲಿ ಬಿದ್ದ್ರ ಅಜ್ಜಿ ಅದಾಳ. ಅಲ್ಲಿ ಬಿದ್ದ್ರ ಯಾರದಾರ?"

ಮಗ ಜಗಳ ಬಿಡಿಸಿದ್ದು ಹೀಗೆ: "ಆ ಮೇಡಮ್ಮರ ಮಷಿನ್ ಏನ್ ಹೇಳ್ತೈತೋ ಹಂಗ. ಮೈ ತಡೀತೈತಿ ಅಂದ್ರ ಹೋಗ್ಲಿ. ತಡಿಯಂಗಿಲ್ಲ ಅಂದ್ರ ಹಂಪಿ ಬಂಡಿನೂ ಬಂದ್, ಹಿಮಾಲಯನೂ ಬಂದ್."

ತಾಯಿ ಮಗಳು ಇಬ್ಬರೂ ಒಪ್ಪಿದರು. ಇಬ್ಬರಿಗೂ ಮಷಿನು ತಮ್ಮ ಕಡೆಯೇ ಎಂಬ ನಂಬಿಕೆ.

ಕೊನೆಯ ಪರೀಕ್ಷೆಗೆ ಮುಂಚೆ ಮೇಡಂ ಒಂದು ವಾರ ಹತ್ತುವುದನ್ನು ಬಿಡಿಸಿದರು. ವಿಶ್ರಾಂತಿಯ ವಾರ. ಹತ್ತುವಾಗ ಮೈ ಒಡೆಯುತ್ತದೆ, ಕೂಡುವುದು ವಿಶ್ರಾಂತಿಯಲ್ಲಿ. ದಣಿದ ಮೈ ಎಷ್ಟು ಬೇಗ ತಿಳಿಯಾಗುತ್ತದೆ ಎಂದು ನೋಡಬೇಕು ಎಂದು ಹೇಳಿ ಅವಳ ಎಡಗೈಗೆ ಕಪ್ಪು ರಬ್ಬರಿನ ಪಟ್ಟಿಯೊಂದನ್ನು ಕಟ್ಟಿದರು. ಗಡಿಯಾರದ ಹಾಗಿತ್ತು. ಎದೆಬಡಿತ, ನಿದ್ದೆ, ಓಡಾಟ ಎಲ್ಲವೂ ಅದರಿಂದ ಅವಳ ಫೋನಿಗೆ, ಅಲ್ಲಿಂದ ಮೇಡಂ ಹತ್ತಿರ ಹೋಗುತ್ತದೆ.

"ಏನೇ ಆದರೂ ಇದು ಕೈಯಿಂದ ಇಳೀಬಾರದು," ಎಂದು ಮೇಡಂ ಒತ್ತಿ ಹೇಳಿದರು. "ಮೈಯ ಬಿಸಿ ಸಿಗದಿದ್ದರೆ ದಾಖಲೆ ನಿಂತುಹೋಗುತ್ತೆ. ಆಮೇಲೆ ಇಡೀ ವಾರ ದಂಡ."

ಹುಡುಗಿ ತಲೆಯಾಡಿಸಿದಳು. ನಾನೂ ಆಡಿಸಿದೆ.

ಅದೇ ವಾರ ಕಂಪ್ಲಿಯಲ್ಲಿ ನನ್ನ ಮಗಳ ಸೊಸೆಗೆ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಉಡಿ ತುಂಬುವ ಕಾರ್ಯ. ನಾನೂ ಮೊಮ್ಮಗಳೂ ಹೋದೆವು. ನಾನು ಹೋದರೆ ಮಗಳು ಸೀದಾ ಒಲೆಯ ಮುಂದೆ ಕೂರಿಸುತ್ತಾಳೆ. ಹೋಳಿಗೆ ನನ್ನ ಕೈಯದೇ ಆಗಬೇಕು. ಇದು ಪ್ರೀತಿಯೋ ಉಪಾಯವೋ, ಕೇಳಬಾರದು.

ಬಳೆಗಾರ ಪಡಸಾಲೆಯಲ್ಲಿ ಪೆಟ್ಟಿಗೆ ಬಿಚ್ಚಿದ. ಮೊದಲು ಬಸುರಿಗೆ, ಆಮೇಲೆ ಬಂದ ಹೆಂಗಸರಿಗೆಲ್ಲ. ನಮ್ಮ ಮನೆತನದಲ್ಲಿ ಕುಬಸದ ಬಳೆ ತೊಟ್ಟವರು ಮುಂದಿನ ಅಮಾವಾಸ್ಯೆಯವರೆಗೆ ತಾವಾಗಿ ತೆಗೆಯಬಾರದು. ತೆಗೆದರೆ ಬಸುರಿಗೆ ಒಳ್ಳೆಯದಲ್ಲ ಎನ್ನುತ್ತಾರೆ. ಎರಡೂ ಕೈ ತುಂಬ ತೊಡಬೇಕು. ನಮ್ಮ ಹುಡುಗಿ ಚಾಪೆಯ ಮೇಲೆ ಕೂತು ಕೈ ಚಾಚಿದಳು. ಎಡಗೈಯಲ್ಲಿ ಪಟ್ಟಿ.

"ಇದನ್ನ ತಗಿಬೇಕವ್ವ," ಅಂದ ಬಳೆಗಾರ. "ರಬ್ಬರ್ ಮ್ಯಾಲೆ ಬಳಿ ಕುಂದ್ರಂಗಿಲ್ಲ. ಒಡದ್ರ ನನ್ನ ಬೈತೀರಿ."

ನನ್ನ ಮಗಳು ಒಳಗಿನಿಂದಲೇ ಕೂಗಿದಳು: "ಏಯ್, ಒಂದ್ ಕೈ ಖಾಲಿ ಬಿಟ್ಟು ಏಳಬ್ಯಾಡ! ಅಪಶಕುನ ಮಾಡ್ತಿ ಏನ?"

ಹುಡುಗಿ ಅತ್ತ ಇತ್ತ ನೋಡಿದಳು. ಕೈಯಿಂದ ಇಳಿಸಬಾರದು ಎಂದು ಮೇಡಂ, ಇಳಿಸಲೇಬೇಕು ಎಂದು ಸೋದರತ್ತೆ. ಅಲ್ಲಿ ಕೂತವರೆಲ್ಲರ ಕೈ ಹಸಿರಾಗಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಹೂರಣದ ಕೈ ಒರೆಸಿಕೊಳ್ಳುತ್ತ ನಾನು ನಿಂತಿದ್ದೆ. ಅವಳಜ್ಜ ಹೋದ ಮೇಲೆ ನಾನು ಗಾಜಿನ ಬಳೆ ತೊಟ್ಟವಳಲ್ಲ, ಅಂಥ ಚಾಪೆಯ ಮೇಲೆ ಕೂತವಳೂ ಅಲ್ಲ. ಯಾರೂ ಬೇಡ ಅನ್ನುವುದಿಲ್ಲ, ಬಾ ಅಂತಲೂ ಅನ್ನುವುದಿಲ್ಲ. ಒಲೆಯ ಮುಂದೆ ಇದ್ದರೆ ಎಲ್ಲರಿಗೂ ಸಲೀಸು.

ಹುಡುಗಿ ಎದ್ದು ಬಂದು ನನ್ನ ಕೈ ಹಿಡಿದಳು.

"ಅಜ್ಜೀ, ನಿನ್ ಕೈ ಖಾಲಿ ಐತಲ್ಲ. ಸ್ವಲ್ಪ ಹೊತ್ತು ನೀ ಹಾಕ್ಕೊಂಡಿರು. ಮೈಯ ಬಿಸಿ ಸಿಕ್ಕ್ರ ಸಾಕಂತ ಅದಕ್ಕ."

"ಒಲಿ ಮುಂದ ಕುಂತೀನಿ, ಬಿಸಿಗೇನು ಕಡಿಮಿ," ಅಂದೆ.

ಬಳೆ ಇಲ್ಲದ ಕೈಗೆ ಪಟ್ಟಿ ಬಂತು. ನೋಡಿದವರೆಲ್ಲ ನಕ್ಕರು. "ಅಜ್ಜಿಗೂ ತೊಡಿಸಿದ್ರು ನೋಡ್ರಿ," ಎಂದು ಯಾರೋ ಅಂದರು. ಸ್ವಲ್ಪ ಹೊತ್ತು ಎಂದದ್ದು ಸಾಯಂಕಾಲವಾಯಿತು. ಮರುದಿನ ಹೊಸಪೇಟೆಗೆ ವಾಪಸ್ ಬಂದರೂ ಹುಡುಗಿಯ ಎರಡೂ ಕೈ ಬಳೆಯಿಂದ ತುಂಬಿದ್ದವು, ಅಮಾವಾಸ್ಯೆ ದೂರ ಇತ್ತು. ಒಂದೆರಡು ಸಲ "ಕೊಡಜ್ಜಿ" ಅಂದಳು. "ಬಳಿ ಒಡದೀತು, ಇರ್ಲಿ ಬಿಡು," ಅಂದೆ. ಮನೆಯಲ್ಲಿ ನನ್ನ ಕೈಯತ್ತ ಕಣ್ಣು ಹಾಯಿಸುವವರು ಯಾರೂ ಇಲ್ಲ. ನಿಜ ಹೇಳಬೇಕೆಂದರೆ ನನಗೂ ಅದು ಹಿಡಿಸಿತ್ತು. ಕೈ ತಿರುಗಿಸಿದರೆ ಬೆಳಕು ಬರುವುದು. ಬಹಳ ಹೊತ್ತು ಕೂತೇ ಇದ್ದರೆ ಗುಂಯ್ ಅಂದು ಎದ್ದು ಓಡಾಡಿ ಎಂದು ಎಚ್ಚರಿಸುತ್ತದೆಯಂತೆ. ಹಾಗನ್ನುವುದನ್ನು ಕೇಳಬೇಕೆಂದು ನನಗೆ ಆಸೆ. ನನ್ನ ಕೈಯಲ್ಲಿ ಅದು ಒಂದು ಸಲವೂ ಹಾಗೆ ಅನ್ನಲಿಲ್ಲ.

ಅದು ವಿಶ್ರಾಂತಿಯ ವಾರ ತಾನೇ, ತಾನೇನೂ ಮಾಡುತ್ತಿಲ್ಲವಲ್ಲ, ಏನಾದರೇನು ಎಂದು ಹುಡುಗಿ ಅಂದುಕೊಂಡಳು. ನಾನು ಅಷ್ಟೂ ಅಂದುಕೊಳ್ಳಲಿಲ್ಲ. ಪಟ್ಟಿ ಯಾರದೋ ಕೈಯ ಮೇಲೆ ಇದೆಯಲ್ಲ, ಅಷ್ಟು ಸಾಕು ಎಂದೇ ನಮ್ಮ ಲೆಕ್ಕ. ದೇವರ ದೀಪ ಆರಬಾರದು ಎಂದರೆ ಎಣ್ಣೆ ಯಾರು ಹಾಕಿದರೇನು?

ವಾರ ಮುಗಿದ ಮೇಲೆ ಒಂದು ಮಧ್ಯಾಹ್ನ ಮೇಡಂ ಮನೆಗೇ ಬಂದರು. ಹುಡುಗಿ ಕಾಲೇಜಿಗೆ ಹೋಗಿದ್ದಳು. ಸೊಸೆ ಮಷಿನಿನ ಮೇಲಿನ ಬಟ್ಟೆ ಸರಿಸಿ ಕುರ್ಚಿ ಕೊಟ್ಟಳು. ನಾನು ಚಹಾ ತಂದು, ಸೆರಗು ಹೊದ್ದು ಗೋಡೆಗೆ ಒರಗಿ ಕೂತೆ.

ಮೇಡಂ ಮುಖ ಗಂಭೀರವಾಗಿತ್ತು. "ಅವಳಿಲ್ಲದಾಗ ನಿಮ್ಮ ಹತ್ರ ಮಾತಾಡೋಣ ಅಂತ ಬಂದೆ," ಅಂದರು. "ಅವಳ ಮೈ ತುಂಬಾ ದಣಿದಿದೆ. ವಿಶ್ರಾಂತಿ ತಗೊಂಡರೂ ಸುಧಾರಿಸ್ತಾ ಇಲ್ಲ. ಇಷ್ಟು ಚಿಕ್ಕ ವಯಸ್ಸಲ್ಲಿ ಹೀಗಿರಬಾರದು."

ಸೊಸೆಯ ಕೈಯಲ್ಲಿದ್ದ ಕತ್ತರಿ ಕೆಳಗೆ ಬಂತು. "ಏನಾಗೈತ್ರಿ?"

ಮೇಡಂ ಫೋನಿನಲ್ಲಿ ಗೀಟುಗಳನ್ನು ತೋರಿಸಿದರು. "ನಿದ್ದೆ ನೋಡಿ, ಚೂರು ಚೂರು. ಮಲಗಿ ಸ್ವಲ್ಪ ಹೊತ್ತಿಗೇ ಎಚ್ಚರ, ಮತ್ತೆ ಎಚ್ಚರ. ಬೆಳಗಾಗೋದಕ್ಕೆ ಎಷ್ಟೋ ಮುಂಚೆ ಎದ್ದು ಓಡಾಟ ಶುರು. ಹಗಲಲ್ಲಿ ಮೈ ಒಂದು ಕಡೆ ನಿಲ್ಲೋದೇ ಇಲ್ಲ. ಬೆಳಗಿನ ಹೊತ್ತು ಎದೆಬಡಿತ ಜೋರಾಗಿ ಏರುತ್ತೆ, ಏನೋ ಭಾರದ ಕೆಲಸ ಮಾಡಿದ ಹಾಗೆ. ಅವಳು ಕದ್ದು ಕಸರತ್ತು ಮಾಡ್ತಾ ಇದಾಳಾ? ಇಲ್ಲ ಏನಾದರೂ ಚಿಂತೆಯಾ?"

ಬೆಳಗಿನ ಹೊತ್ತಿನ ಭಾರದ ಕೆಲಸ. ಗಣಿಯ ಬಟ್ಟೆ ಒಗೆಯುವ ಹೊತ್ತು ಅದು. ನನಗೆ ಗೊತ್ತಾಯಿತು.

ಸೊಸೆ ಅಷ್ಟರಲ್ಲಿ ಕಣ್ಣೀರು ಹಾಕಿಯಾಗಿತ್ತು. "ನಾ ಬಡಕೊಂಡೆರಿ ಮೇಡಂ, ನನ್ನ ಮಾತು ಯಾರು ಕೇಳ್ತಾರ? ಪಾಪ, ಕೂಸಿನ ಮೈ ಇಷ್ಟು ಹಣ್ಣಾಗೈತಿ, ಕಣ್ಣಿದ್ದೂ ಕಾಣಲಿಲ್ಲ ನನಗ. ಇನ್ನ ಒಂದ್ ಕಡ್ಡಿ ಎತ್ತಾಕ ಬಿಡಂಗಿಲ್ಲ. ಹಾಲು ಕುಡಿಸಿ ಮಲಗಸ್ತೀನಿ. ಬಂಡಿ ಸುದ್ದಿ ಇವತ್ತಿಗೆ ಮುಗೀತು."

"ಶಿಬಿರಕ್ಕೆ ಅವಳ ಹೆಸರು ಬರೆಯೋಕೆ ನನಗೆ ಧೈರ್ಯ ಬರ್ತಿಲ್ಲ," ಅಂದರು ಮೇಡಂ. "ಅವಳಿಗೆ ಹೇಳೋದು ಹೇಗೆ ಅಂತ ಗೊತ್ತಾಗ್ತಿಲ್ಲ."

ನಾನು ಚಹಾ ಕುಡಿಯುತ್ತಿದ್ದೆ. ಸೆರಗಿನೊಳಗೆ ಪಟ್ಟಿ ಮಣಿಕಟ್ಟಿನ ಮೇಲೆ ಬೆಚ್ಚಗಿತ್ತು. ಬಾಯಿ ತೆರೆಯಬೇಕು ಎಂದು ಗೊತ್ತಿತ್ತು, ತೆರೆಯಲಿಲ್ಲ. ಲೋಟದಲ್ಲಿ ಇನ್ನೂ ಅರ್ಧ ಇತ್ತು. ಸುಮ್ಮನಿದ್ದರೆ ಏನಾಗುತ್ತದೆ ಎಂದು ಒಂದು ಕ್ಷಣ ಕಣ್ಣ ಮುಂದೆ ಬಂತು: ಬಸ್ಸಿಲ್ಲ, ಕಾಲುವೆ ಏರಿಯಿಲ್ಲ, ಕಾದ ಕಲ್ಲಿಲ್ಲ, ಅವಳು ಜಾರಿದಾಗೆಲ್ಲ ಕಣ್ಣು ಮುಚ್ಚಿ ದೇವರನ್ನು ಕರೆಯುವುದೂ ಇಲ್ಲ. ನನ್ನ ಬಂಡೆ ಕಾಯುವ ನೌಕರಿಗೆ ಯಾರೂ ಕೇಳದೆ ಪಿಂಚಣಿ ಸಿಕ್ಕಂತೆ. ಆ ಅರ್ಧ ಲೋಟ ಚಹಾದಷ್ಟು ರುಚಿಯಾದ ಚಹಾ ನಾನು ಈಚೆಗೆ ಕುಡಿದಿಲ್ಲ.

ಲೋಟ ಖಾಲಿಯಾಯಿತು. ಬಾಗಿಲ ಮೇಲಿನ ಚೌಕಟ್ಟಿನ ಕಡೆ ನೋಡಿದೆ. ಹುಡುಗಿ ಜೋತುಬಿದ್ದು ಜೋತುಬಿದ್ದು ಅಲ್ಲಿನ ಬಣ್ಣ ಹೋಗಿ ಮರ ಕಾಣುತ್ತಿತ್ತು. ಸೆರಗಿನಿಂದ ಕೈ ಹೊರಗೆ ತೆಗೆದೆ.

"ಮೇಡಂ, ಆ ನಿದ್ದಿ ಇಲ್ಲದಾಕಿ ನಾನರಿ."

ಇಬ್ಬರೂ ನನ್ನ ಮಣಿಕಟ್ಟು ನೋಡಿದರು. ಕುಬಸದ ವಿಷಯ, ಬಳೆಯ ವಿಷಯ, ಅಮಾವಾಸ್ಯೆಯ ವಿಷಯ ಎಲ್ಲ ಹೇಳಿದೆ. ಮೇಡಂ ತಲೆಗೆ ಕೈ ಹಚ್ಚಿದರು. ಸೊಸೆ ಮಾತ್ರ ಎದೆಯ ಮೇಲೆ ಕೈ ಇಟ್ಟುಕೊಂಡು ದೊಡ್ಡ ಉಸಿರು ಬಿಟ್ಟಳು.

"ಅಯ್ಯ ದೇವ್ರೇ! ಅತ್ತಿಯವ್ರದಾ?" ಎಂದು ನಕ್ಕೇಬಿಟ್ಟಳು. "ನನ್ನ ಜೀವs ಹೋಗಿತ್ತಲ್ರಿ! ನಾ ಎಲ್ಲಿ ಕೂಸಿಗೇ ಏನಾತೋ ಅಂತ ಮಾಡಿದ್ದೆ. ಅತ್ತಿಯವ್ರದಾದ್ರ ಏನಿಲ್ಲ ಬಿಡ್ರಿ."

ಕಣ್ಣೊರೆಸಿಕೊಂಡು ಕತ್ತರಿ ಎತ್ತಿಕೊಂಡಳು. ನಾನೂ ನಕ್ಕೆ. ನಗುವ ವಿಷಯವೇ ಆಗಿತ್ತು. ಒಂದು ಮೈಗೆ ಹಾಲು, ಹಾಸಿಗೆ ಎಲ್ಲ ಸಿದ್ಧವಾಗಿತ್ತು. ಆ ಮೈ ಯಾರದು ಎಂದು ಗೊತ್ತಾದ ಕೂಡಲೇ ಎಲ್ಲ ವಾಪಸ್ ಒಳಗೆ ಹೋಯಿತು. ಸೊಸೆ ಕೆಟ್ಟವಳಲ್ಲ. ನಾನು ಸೊಸೆಯಾಗಿದ್ದಾಗ ನಮ್ಮತ್ತೆಯ ಸುಸ್ತನ್ನು ಹೀಗೇ ಅಂದುಕೊಂಡಿದ್ದೆ: ಮಣ್ಣಿನ ಗೋಡೆ ಇದ್ದ ಹಾಗೆ, ಅದು ಇರುವುದೇ ಹಾಗೆ.

ಮೇಡಂ ನಗಲಿಲ್ಲ. ಮೊದಲು ಸಿಟ್ಟಾದರು. "ಒಂದು ವಾರದ ಕೆಲಸ ಹಾಳಾಯ್ತಲ್ಲ ಅಜ್ಜಿ! ಇದು ಆಟದ ಸಾಮಾನಲ್ಲ." ನಾನು ತಲೆ ತಗ್ಗಿಸಿದೆ. ಆಮೇಲೆ ಅವರು ಫೋನಿನ ಗೀಟುಗಳನ್ನು ಮತ್ತೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಗೀಟುಗಳನ್ನು ನೋಡಿದರು.

"ಹಾಗಾದರೆ ಇದು ನಿಮ್ಮ ದಿನ," ಅಂದರು ಮೆಲ್ಲಗೆ.

"ಹೂಂರಿ. ಕುಬಸದ ವಾರ, ಸ್ವಲ್ಪ ಜಾಸ್ತಿ ಬಂದೈತಿ."

ಸಂಜೆ ಕಾಲೇಜಿನಿಂದ ಬಂದ ಹುಡುಗಿ ವಿಷಯ ಕೇಳಿ ಕಂಬಕ್ಕೆ ಒರಗಿ ಕೂತುಬಿಟ್ಟಳು. ಎಲ್ಲ ಮುಗಿಯಿತು ಎಂದೇ ತಿಳಿದಳು. ಮೇಡಂ ಹೇಳಿಹೋದದ್ದನ್ನು ನಾನು ಹೇಳಿದೆ: ಅಮಾವಾಸ್ಯೆ ಕಳೆದು ಬಳೆ ತೆಗೆದ ಮೇಲೆ ಅವಳ ಕೈಯಲ್ಲೇ ಪಟ್ಟಿ ಇರುವ ಹಾಗೆ ವಾರ ಮತ್ತೆ ಮಾಡಬೇಕು. ಅದು ಸರಿ ಬಂದರೆ ಮರುದಿನವೇ ಬಂಡೆಯ ಕೊನೆಯ ಪರೀಕ್ಷೆ. ಸರಿ ಬರದಿದ್ದರೆ ಅಪ್ಪನ ಮಾತಿನಂತೆ ಎಲ್ಲ ಬಂದ್.

ಹುಡುಗಿ ಎದ್ದು ಹತ್ತಿರ ಬಂದಳು. ನನ್ನ ಕೈಯಿಂದ ಪಟ್ಟಿ ಬಿಚ್ಚಿದಳು. ಅಲ್ಲಿ ಚರ್ಮ ಬೆಳ್ಳಗೆ, ಒದ್ದೆಯಾಗಿತ್ತು. ಹೆಬ್ಬೆರಳಿನಿಂದ ತಿಕ್ಕಿದಳು.

"ನಾ ವಿಶ್ರಾಂತಿ ತಗೋಬೇಕಂದ್ರ ನೀನೂ ತಗೋಬೇಕು," ಅಂದಳು.

"ನನ್ನ ಯಾವ ಹಿಮಾಲಯಕ್ಕ ಕಳಸ್ತಾರಲೇ?"

"ತಮಾಷಿ ಬ್ಯಾಡಜ್ಜಿ. ನೀ ಅಡಿಗಿಮನಿಯಾಗ ತಾಟು ಬಡಕೊಂತ ಇದ್ದ್ರ ನನಗ ನಿದ್ದಿ ಹತ್ತಂಗಿಲ್ಲ. ನನ್ನ ನಿದ್ದಿ ಕೆಟ್ಟ್ರ ಮಷಿನ್ನಾಗ ಬರ್ತೈತಿ. ನನ್ನ ಹೆಸರು ಬಿಟ್ಟುಹೋಗ್ತೈತಿ. ಅಷ್ಟs."

ಜಾಣೆ. ನನ್ನ ಸಲುವಾಗಿ ಎಂದು ಹೇಳಿದ್ದರೆ ನಾನೂ ಒಪ್ಪುತ್ತಿರಲಿಲ್ಲ, ಅವಳಮ್ಮನೂ ಒಪ್ಪುತ್ತಿರಲಿಲ್ಲ. ಮೇಡಮ್ಮರ ಮಷಿನು ಹೇಳಿದಂತೆ ಎಂದು ಸೊಸೆಯೂ ಒಪ್ಪಿದವಳೇ.

ಆ ವಾರದಂಥ ವಾರ ವೈರಿಗೂ ಬೇಡ. ವಿಶ್ರಾಂತಿ ಎಂದರೆ ಏನು ಮಾಡಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೆಳಗಾಗುವ ಮುಂಚೆ ಕಣ್ಣು ತೆರೆಯುವುದು, ಸದ್ದಾದೀತೆಂದು ಮಲಗಿಯೇ ಇರುವುದು. ಒಳಗೆ ಸೊಸೆ ಡಬ್ಬಿ ಹುಡುಕುವ ಸದ್ದು. ಸಾಸಿವೆ ಎಲ್ಲಿದೆ ಎಂದು ನನಗೆ ಗೊತ್ತು, ಹೇಳುವಂತಿಲ್ಲ. ಒಂದು ದಿನ ಗುಟ್ಟಾಗಿ ಶೇಂಗಾ ಸುಲಿಯುತ್ತ ಕೂತಿದ್ದೆ, ಹುಡುಗಿ ಮೊರ ಕಸಿದುಕೊಂಡಳು. ಬಕೆಟ್ಟಿನಲ್ಲಿ ಮಗನ ಕೆಂಪು ಬಟ್ಟೆ ನೆನೆದು ನೆನೆದು ನೀರು ರಕ್ತದ ಬಣ್ಣಕ್ಕೆ ತಿರುಗಿತ್ತು. ಕೊನೆಗೆ ಮಗನೇ ರಜೆಯ ದಿನ ಲುಂಗಿ ಎತ್ತಿಕಟ್ಟಿ ಒಗೆಯಲು ಕೂತ. ಸ್ವಲ್ಪ ಹೊತ್ತಿಗೆ ಸೊಂಟ ಹಿಡಿದುಕೊಂಡು ಎದ್ದು ನಿಂತ.

"ಯವ್ವಾ, ಈ ಮಣ್ಣು ಹೋಗಂಗs ಇಲ್ಲಲ್ಲಬೇ?"

"ಪೂರ್ತಿ ಯಾವತ್ತೂ ಹೋಗಿಲ್ಲಪ್ಪ," ಅಂದೆ. "ನಿನಗ ಕಾಣದಷ್ಟು ಹೋಗ್ತೈತಿ."

ಅವನು ನನ್ನ ಕಡೆ ನೋಡಿದ. ಮತ್ತೆ ಕುಕ್ಕರುಗಾಲಲ್ಲಿ ಕೂತು ತಿಕ್ಕಿದ.

ಇದನ್ನೆಲ್ಲ ನಾನು ಬರೆಯುತ್ತಿರುವುದು ನನ್ನ ಫೋನಿನಲ್ಲಿ. ಹಾಗೆ ಬರೆಯುವುದನ್ನು ಹುಡುಗಿ ಕಲಿಸಿದ್ದೂ ಆ ವಾರವೇ, ಕೈ ಸುಮ್ಮನಿರಲಿ ಎಂದು. ಒತ್ತಕ್ಷರ ಬಂದರೆ ನನ್ನ ಬೆರಳೂ ಜಾರುತ್ತದೆ. "ಬಿಗಿ ಒತ್ತಬ್ಯಾಡಜ್ಜಿ, ಸಡಿಲ," ಎಂದು ಮೇಡಮ್ಮನ ಮಾತನ್ನು ನನಗೇ ಹೇಳುವಳು.

ವಾರ ಸರಿ ಬಂತು. ಅವಳ ಮೈ ನೀರಿನ ಹಾಗೆ ತಿಳಿಯಾಗಿದೆ ಎಂದು ಮೇಡಂ ಫೋನ್ ಮಾಡಿದರು. ಇನ್ನು ಉಳಿದದ್ದು ಬಂಡೆ. ಬೆಳಿಗ್ಗೆ ನಾನು ಚೀಲಕ್ಕೆ ಟವೆಲ್ಲು, ನೀರು, ಬುತ್ತಿ ತುಂಬುತ್ತಿದ್ದಾಗ ಸೊಸೆ ಬಂದು ಎದುರು ನಿಂತಳು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು.

"ನೀವು ಕುಂದ್ರಿ ಅತ್ತಿ. ಇವತ್ತು ನಾ ಹೋಗ್ತೀನಿ."

"ನಿನ್ ಬ್ಲೌಸು?"

"ಒಂದಿನ ಹಳೇದು ಹಾಕ್ಕೊಂಡ್ರ ಊರಿನ ಹೆಂಗಸರು ಸಾಯಂಗಿಲ್ಲ." ಚೀಲ ನನ್ನ ಕೈಯಿಂದ ತೆಗೆದುಕೊಂಡಳು. "ನೋಡೇಬಿಡ್ತೀನಿ, ಅದೇನೈತಿ ಆ ಕಲ್ಲಾಗ."

ಹುಡುಗಿಯ ಮುಖ ಬಿಳಚಿಕೊಂಡಿತು. ಅಜ್ಜಿಯ ಮುಂದೆ ಜಾರುವುದು ಬೇರೆ, ಅಮ್ಮನ ಮುಂದೆ ಜಾರುವುದು ಬೇರೆ. ಹೊಸ್ತಿಲು ದಾಟುವಾಗ ತಿರುಗಿ ನೋಡಿದಳು. ನಾನು ಬೆರಳು ಮಡಚಿ, ಬಿಚ್ಚಿ ತೋರಿಸಿದೆ. ಸಡಿಲ.

ಅವರು ಹೋದ ಮೇಲೆ ಮನೆ ಸುಮ್ಮನಾಯಿತು. ಮಗ ಶಿಫ್ಟಿಗೆ ಹೋಗಿದ್ದ. ಫೋನು ಎದೆಯ ಮೇಲೆ ಇಟ್ಟುಕೊಂಡು ಚಾಪೆಯ ಮೇಲೆ ಉರುಳಿದೆ. ಈಗ ಬಸ್ಸು ಇಳಿದಿರುತ್ತಾರೆ, ಈಗ ಬಾಳೆತೋಟ, ಈಗ ಮೇಡಂ ಮುಖಗಳ ಹಲಗೆ ತೆಗೆದಿರುತ್ತಾರೆ ಎಂದುಕೊಳ್ಳುತ್ತ ಇದ್ದೆ. ಏರಿಯ ಮುಳ್ಳಿನ ಜಾಗ ಸೊಸೆಗೆ ಹೇಳಲಿಲ್ಲವಲ್ಲ ಎಂದು ನೆನಪಾಯಿತು. ಆಮೇಲೆ ಏನೂ ನೆನಪಿಲ್ಲ. ಹಗಲು ಹೊತ್ತು, ಬಾಗಿಲು ಬರೀ ಮುಂದೆ ಮಾಡಿ, ಜ್ವರ ಇಲ್ಲದೆ, ಹೀಗೆ ನಿದ್ದೆ ಹೋದದ್ದು ಬಾಣಂತನ ಬಿಟ್ಟರೆ ಅದೇ ಮೊದಲು. ಎದೆಯ ಮೇಲೆ ಫೋನು ಎಷ್ಟು ಗುಂಯ್‌ಗುಟ್ಟಿತೋ, ನನಗೆ ತಿಳಿಯಲೇ ಇಲ್ಲ.

ಎಚ್ಚರವಾದಾಗ ಗೋಡೆಯ ಮೇಲೆ ಇಳಿಬಿಸಿಲು. ಅಡುಗೆಮನೆಯಲ್ಲಿ ಪಿಸುಮಾತು. ನಾನು ಕಣ್ಣು ತೆರೆಯಲಿಲ್ಲ.

"...ಮೆಲ್ಲಕ ಮಾತಾಡಬೇ, ಅಜ್ಜಿ ಮಲಗ್ಯಾಳ," ಹುಡುಗಿಯ ದನಿ.

"ಹೆಂಗ ಮೆಲ್ಲಕ ಮಾತಾಡ್ಲೇ? ನನ್ನ ಎದಿ ಇನ್ನೂ ಹೊಡಕೊಂತೈತಿ. ನೀ ಮೊದ್ಲು ಜಾರಿ ಬಿದ್ದೆಲ್ಲ, ನಾ ಅಲ್ಲೇ ಸತ್ತೆ ಅನ್ಕೋ. ಮೇಡಮ್ಮರು ನನಗs ನೀರು ಕುಡಿಸಿದ್ರು. ಅಲ್ಲಾ, ಆ ಮುಖದ ಹಲಗಿ ತೋರಿಸಿದಾಗ ಅಳೋ ಮುಖಕ್ಕ ಯಾಕ ಬೆರಳಿಟ್ಟಿ? ಅದನ್ನ ನೋಡಿ ಹೆಸರು ಹೊಡದು ಹಾಕಿದ್ರ?"

"ನೀ ಕೆಳಗ ನಿಂತಿದ್ದೆಲ್ಲ. ಹೆದರಿಕಿ ಆಗಿತ್ತು. ಇದ್ದದ್ದು ಹೇಳಿದೆ. ಮೇಡಂ ಅಂದ್ರು, ಇಷ್ಟು ದಿನದಾಗ ನಿನ್ನ ಎದಿನೂ ಬೆರಳೂ ಒಂದs ಮಾತು ಹೇಳಿದ್ದು ಇವತ್ತs ಅಂತ. ಹೆಸರು ಕಳಸ್ತೀನಿ ಅಂದ್ರು."

ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದು.

"ಎರಡನೇ ಸಲ ಮ್ಯಾಲೆ ನಿಂತಿ ನೋಡು," ಸೊಸೆಯ ದನಿ ಬದಲಾಗಿತ್ತು, "ನೆತ್ತಿ ಮ್ಯಾಲೆ, ಕೈ ಬಿಟ್ಟು..." ಮಾತು ಅಲ್ಲಿಗೇ ನಿಂತಿತು. ಆಮೇಲೆ ಮೂಗು ಒರೆಸಿಕೊಂಡ ಸದ್ದು. "ಆ ಬಿಸಲಾಗ, ಆ ಕಲ್ಲಿನ ಮ್ಯಾಲೆ, ಈ ಮುದುಕಿ ಹೆಂಗ ಕುಂದರ್ತಿದ್ಲs ದಿನಾ? ಏನೂ ಹೇಳೇ ಇಲ್ಲಲ್ಲ."

"ಹೇಳ್ತಿದ್ಲಲ್ಲಬೇ. ನಗಾಡಕೊಂತ ಹೇಳ್ತಿದ್ಲು."

ಹೆಸರು ಹೋಗುತ್ತದೆ. ಬೇಸಿಗೆಯಲ್ಲಿ ಹುಡುಗಿ ಹೋಗುತ್ತಾಳೆ. ಎದ್ದು ಅವಳ ತಲೆ ಸವರಬೇಕು ಅನ್ನಿಸಿತು, ದೃಷ್ಟಿ ತೆಗೆಯಬೇಕು ಅನ್ನಿಸಿತು. ಕಾಲು ಏಳಲಿಲ್ಲ. ಸುಸ್ತು ಒಂದು ದಿನದ ನಿದ್ದೆಗೆ ಹೋಗುವಂಥದಲ್ಲ. ಆ ಕೆಂಪು ಮಣ್ಣಿನ ಹಾಗೆ, ಕಾಣದಷ್ಟು ಹೋಗಿರುತ್ತದೆ ಅಷ್ಟೇ.

"ಚಾ ಆತು. ಅಜ್ಜಿನ ಎಬ್ಬಿಸ್ಲ್ಯಾ?" ಹುಡುಗಿ ಕೇಳಿದಳು.

"ಬ್ಯಾಡ," ಅಂದಳು ಸೊಸೆ. "ಮಲಗ್ಲಿ. ಅವರದನ್ನ ಮುಚ್ಚಿಡು."

ಲೋಟದ ಮೇಲೆ ತಟ್ಟೆ ಮುಚ್ಚಿದ ಸದ್ದು ಕೇಳಿಸಿತು. ಏಲಕ್ಕಿ ಹಾಕಿದ್ದರು, ವಾಸನೆ ಬರುತ್ತಿತ್ತು. ಆರಿದರೆ ಆರಲಿ ಎಂದು ಮಗ್ಗುಲು ಬದಲಿಸಿ, ನಿದ್ದೆ ಬಂದವಳ ಹಾಗೆ ಸಣ್ಣಗೆ ಗೊರಕೆ ಹೊಡೆದೆ.